ಕುಚ್ಚಲಕ್ಕಿಯ ಪೂರ್ವೋತ್ತರ

ಪಡುವಣ ಕರಾವಳಿಯಲ್ಲಿ ಭತ್ತವನ್ನು ಅಕ್ಕಿ ಮಾಡುವ ಕ್ರಮ ಘಟ್ಟದ ಮೇಲಣ ಸೀಮೆಯ ಕ್ರಮಕ್ಕಿಂತ ಭಿನ್ನವಾದುದು. ಮಂಗಳೂರು, ಉಡುಪಿ, ಕುಂದಾಪುರಗಳ ಮನೆಗಳಲ್ಲಿ ಹೆಂಗಸರು ಭತ್ತವನ್ನು ಮೊದಲು ನೀರಿನಲ್ಲಿ ನೆನೆಹಾಕಿ, ದೊಡ್ಡ ಹಂಡೆಯಲ್ಲಿ ಸಿಪ್ಪೆ ಬಿರಿಯುವತನಕ ಬೇಯಿಸಿ, ಅಂಗಳದಲ್ಲಿ ಹರವಿ, ಬಿಸಿಲಿನಲ್ಲಿ ಆಗಾಗ ಕೈಯಾಡಿಸಿ ಒಣಗಿಸಿದ ಮೇಲೆಯೇ ಒನಕೆಯನ್ನೆತ್ತುತ್ತಿದ್ದರು. ಹೀಗೆ ಸಿದ್ಧವಾದ ಕುಚ್ಚಲಕ್ಕಿ ನಿತ್ಯದ ಗಂಜಿಗೆ. ಬೇಯಿಸದೆ ಕುಟ್ಟಿದ ಬೆಳ್ತಿಗೆ ಅಕ್ಕಿ ದೋಸೆಗೆ, ದೇವರ ನೈವೇದ್ಯಕ್ಕೆ. ಬೆಂದ ಕಾಳು ಒನಕೆಯ ಏಟಿಗೆ ನುಚ್ಚಾಗದೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ಅದಕ್ಕಿಂತ ಹಿರಿದಾದ ಉಪಕಾರವೊಂದು ಆ ಹಂಡೆಯೊಳಗೆ ನಡೆಯುತ್ತಿದ್ದುದು ಲೋಕಕ್ಕೆ ತಿಳಿದದ್ದು ಬಹಳ ತಡವಾಗಿ, ಅದೂ ಸಾವಿರಾರು ಜನರ ಪ್ರಾಣಹಾನಿಯ ತರುವಾಯ.

ನಾವು ಅನ್ನವೆಂದು ಉಣ್ಣುವುದು ಬಹುಮಟ್ಟಿಗೆ ಸಸ್ಯಶಾಸ್ತ್ರಜ್ಞರು ಭ್ರೂಣಾಹಾರವೆಂದು ಕರೆಯುವ ಭಾಗ. ಮೊಳಕೆಯ ಮೊದಲ ದಿನಗಳಿಗೆಂದು ಗಿಡವು ಕಟ್ಟಿಟ್ಟ ಬುತ್ತಿ. ಅದರ ಉತ್ಪತ್ತಿಯ ರಹಸ್ಯವನ್ನು 1898ರಲ್ಲಿ ಕೀವ್ ನಗರದ ಸೆರ್ಗೈ ನವಾಷಿನ್ ಎಂಬ ವಿದ್ವಾಂಸರು ಲಿಲ್ಲಿಯ ಕುಲದ ಹೂಗಳಲ್ಲಿ ಕಂಡರು: ಪರಾಗನಾಳದಿಂದಿಳಿದ ಎರಡು ಪುರುಷಾಣುಗಳಲ್ಲಿ ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ಭ್ರೂಣಚೀಲದ ನಡುವಣ ಎರಡು ಕೋಶಕೇಂದ್ರಗಳೊಡನೆ ಬೆರೆತು ಈ ಆಹಾರಕ್ಕೆ ಮೂಲವಾಗುತ್ತದೆ. ಭತ್ತದಲ್ಲಿ ಆ ಸಂಯುಕ್ತ ಕೇಂದ್ರವು ಮೊದಲು ಗೋಡೆಗಳಿಲ್ಲದೆಯೇ ಮತ್ತೆ ಮತ್ತೆ ಇಬ್ಭಾಗವಾಗುತ್ತ ಹೋಗಿ, ಕೆಲವೇ ದಿನಗಳಲ್ಲಿ ಅಂಚಿನಿಂದ ಒಳಮುಖವಾಗಿ ಗೋಡೆಗಳೆದ್ದು, ತರುವಾಯ ನಡುಭಾಗದಿಂದ ಹಿಟ್ಟು ತುಂಬತೊಡಗುತ್ತದೆ. ರೈತರು ತೆನೆ ಹಾಲು ತುಂಬಿತೆನ್ನುವ ಕಾಲ ಅದು. ತೆಂಗಿನಲ್ಲಿ ಆ ಗೋಡೆಯಿಲ್ಲದ ಅವಸ್ಥೆಯೇ ದೀರ್ಘಕಾಲ ನಿಂತು ಎಳನೀರೆನಿಸುತ್ತದೆ. ಗಂಜಿಯ ಬದಿಗೆ ಕಾಯಿಚಟ್ನಿ ಹಾಕಿಸಿಕೊಂಡವನು ಎರಡು ಗಿಡಗಳ ಭ್ರೂಣಾಹಾರವನ್ನು ಒಟ್ಟಿಗೆ ಉಂಡನೆನ್ನಬೇಕು.

ಆದರೆ ಅಕ್ಕಿಯ ತಿರುಳೆಲ್ಲ ಏಕರೂಪವಾದುದಲ್ಲ. ಹೊರ ಅಂಚಿನ ಕೋಶಗಳು ಹಿಟ್ಟನ್ನು ಶೇಖರಿಸದೆ ಸಸಾರಜನಕವನ್ನೂ ಎಣ್ಣೆಯನ್ನೂ ತುಂಬಿಕೊಂಡು ಅಲ್ಯೂರೋನ್ ಎಂಬ ಪದರವಾಗುತ್ತವೆ. ಇಂದು ಥಯಮಿನ್ ಎಂದು ಹೆಸರಾದ ಜೀವಸತ್ತ್ವವು ಈ ಅಂಚಿನಲ್ಲಿಯೂ ಮೊಳಕೆಯ ಭಾಗದಲ್ಲಿಯೂ ನೆಲಸಿದೆ. ಒಳಗಿನ ಬಿಳಿಯ ತಿರುಳಿನಲ್ಲಿ ಅದು ಅತ್ಯಲ್ಪ. ಒನಕೆಯ ಕುಟ್ಟಣೆಯಲ್ಲಿ ತೌಡಿನ ಒಂದಂಶ ಕಾಳಿನ ಮೇಲೆಯೇ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಂಗೂನು, ಬ್ಯಾಂಕಾಕ್, ಸೈಗಾನುಗಳಲ್ಲೆದ್ದ ಉಗಿಯಂತ್ರದ ಗಿರಣಿಗಳು ಅದನ್ನು ಉಜ್ಜಿ ಉಜ್ಜಿ ತೆಗೆದು, ಮುತ್ತಿನಂತೆ ಹೊಳೆಯುವ ಅಕ್ಕಿಯನ್ನು ಪೇಟೆಗೆ ತಂದವು. ಆ ಹೊಳಪಿನ ಬೆನ್ನಲ್ಲೇ ಕಾಲುಗಳ ಶಕ್ತಿಯುಡುಗಿಸಿ, ಹೃದಯವನ್ನು ಕುಗ್ಗಿಸಿ ಕೊಲ್ಲುವ ಬೆರಿಬೆರಿ ರೋಗವು ಸೈನಿಕರ ಪಾಳೆಯಗಳಲ್ಲಿಯೂ ಸೆರೆಮನೆಗಳಲ್ಲಿಯೂ ಹಬ್ಬಿತು.

ಜಾವಾ ದ್ವೀಪದ ಬಟೇವಿಯದಲ್ಲಿ ಡಚ್ಚರ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಈ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದಾಗ, ಪ್ರಯೋಗಶಾಲೆಯ ಕೋಳಿಗಳು ಅದೇ ಬಗೆಯಲ್ಲಿ ಕಾಲು ಸೋತು ಬೀಳತೊಡಗಿದವು. ಕ್ರಿಮಿ ಯಾವುದೂ ಸಿಕ್ಕಲಿಲ್ಲ. ಸ್ವಲ್ಪ ಕಾಲದ ಮೇಲೆ ಕೋಳಿಗಳು ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಲಾಗಿ, ಅಷ್ಟು ದಿನ ಅವುಗಳಿಗೆ ಸೈನಿಕ ಆಸ್ಪತ್ರೆಯ ಅಡಿಗೆಮನೆಯಿಂದ ಬಿಳಿ ಅಕ್ಕಿಯ ಅನ್ನ ಬರುತ್ತಿದ್ದುದೂ, ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲೊಲ್ಲೆನೆಂದುದೂ ತಿಳಿಯಿತು. ತೌಡು ಸೇರಿಸಿದರೆ ಗುಣ, ಬರಿಯ ಬಿಳಿ ಅಕ್ಕಿಯಾದರೆ ರೋಗ. ಹಿಟ್ಟಿನಲ್ಲಿ ವಿಷವಿದೆಯೆಂದೇ ಐಕ್‌ಮನ್ ಭಾವಿಸಿದ್ದರು. ವಿಷವಿರುವುದಲ್ಲ, ಅವಶ್ಯವಾದ ದ್ರವ್ಯವೊಂದು ಇಲ್ಲದಿರುವುದೇ ಕಾರಣವೆಂದು 1901ರಲ್ಲಿ ಅವರ ಉತ್ತರಾಧಿಕಾರಿ ಖೆರಿಟ್ ಗ್ರಿನ್ಸ್ ಹೇಳಿದರು. 1929ರಲ್ಲಿ ನೊಬೆಲ್ ಪಾರಿತೋಷಕ ಐಕ್‌ಮನ್ನರಿಗೆ ದೊರೆತಾಗ ಗ್ರಿನ್ಸರಿಗೆ ಅದರಲ್ಲಿ ಪಾಲು ಸಿಗದೆ ಹೋದದ್ದು ನ್ಯಾಯವೆಂದು ನನಗೆ ತೋರದು.

ಮಲಯದಲ್ಲಿ ಬ್ರ್ಯಾಡನ್ ಎಂಬ ವೈದ್ಯರು 1907ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ವಿಷಯವನ್ನು ಎತ್ತಿ ತೋರಿದರು: ಸಯಾಮಿನ ಬಿಳಿ ಅಕ್ಕಿಯನ್ನುಣ್ಣುವ ಚೀನೀ ಕೂಲಿಗಳು ಬೆರಿಬೆರಿಗೆ ತುತ್ತಾಗುತ್ತಿದ್ದರೆ, ಊರಿನ ವಾಡಿಕೆಯಂತೆ ಬೇಯಿಸಿದ ಭತ್ತದ ಅಕ್ಕಿಯನ್ನೇ ಬಯಸುವ ತಮಿಳು ಕೂಲಿಗಳಿಗೆ ಅದು ತಟ್ಟುತ್ತಿರಲಿಲ್ಲ. ಫ್ರೇಸರ್ ಮತ್ತು ಸ್ಟಾಂಟನ್ ಎಂಬಿಬ್ಬರು ಸುಮಾರು 300 ಮಂದಿ ಜಾವಾ ಕೂಲಿಗಳನ್ನು ಎರಡು ಪಂಗಡ ಮಾಡಿ, ಬೇರೆ ಬೇರೆ ಅಕ್ಕಿ ಕೊಟ್ಟು ಅದನ್ನು ಸ್ಥಿರಪಡಿಸಿದರು. ಕೂನೂರಿನ ಪೋಷಣಾ ಪ್ರಯೋಗಶಾಲೆಯಲ್ಲಿ ಐಕ್ರಾಯ್ಡ್ ಮತ್ತವರ ಸಹೋದ್ಯೋಗಿಗಳು ತೋರಿಸಿಕೊಟ್ಟಂತೆ, ನೆನೆದು ಬೇಯುವಾಗ ಜೀವಸತ್ತ್ವವು ಅಂಚಿನಿಂದ ಕರಗಿ ತಿರುಳಿನೊಳಕ್ಕೆ ಸೇರುತ್ತದೆ. ಹಿಟ್ಟು ಮಿದುವಾಗಿ, ಒಣಗಿದಾಗ ಗಟ್ಟಿಗೊಂಡು ಅದನ್ನು ಹಿಡಿದಿಡುತ್ತದೆ. ಆದುದರಿಂದಲೇ ಆಂಧ್ರ ಕರಾವಳಿಯ ಉತ್ತರ ಸರ್ಕಾರುಗಳಲ್ಲಿ, ಬೇಯಿಸದ ಭತ್ತವನ್ನು ಗಿರಣಿಯಲ್ಲಿ ನುಣುಪುಗೊಳಿಸಿ ಉಣ್ಣುವಲ್ಲಿ, ಬೆರಿಬೆರಿ ಇತ್ತು. ಕುಚ್ಚಲಕ್ಕಿಯನ್ನುಣ್ಣುವ ಸೀಮೆಗಳಿಗೆ ಅದು ಅಪರಿಚಿತ.

ಹಳೆಯ ಪದ್ಧತಿಗೆ ಒಂದು ದೋಷವಿದ್ದಿತು: ಎರಡು ಮೂರು ದಿನ ತಣ್ಣೀರಿನಲ್ಲಿ ನೆನೆದ ಭತ್ತ ಹುಳಿತು ದುರ್ವಾಸನೆ ಬೀರುತ್ತಿತ್ತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಸುಮಾರು 70 ಡಿಗ್ರಿಯ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಬಳಿಕ ಹಬೆಗೊಡ್ಡುವ ವಿಧಾನವನ್ನು ರೂಪಿಸಿ ಆ ವಾಸನೆಯನ್ನು ನಿವಾರಿಸಿದರು. ಗಿರಣಿಗಳು ಅದನ್ನು ಕೈಗೊಂಡವು.