ಶಿಂದಿ ಗಿಡ ಕಡಿದ ಊರು, ನೆನಪು ಕಡಿಯುವ ಕುಡಿತ



ಸೊಲ್ಲಾಪುರದ ನಾಲ್ವರು ಹುತಾತ್ಮರ ಹೆಸರು ಅಕ್ಕಲಕೋಟ ಸೀಮೆಯ ಹಳ್ಳಿಗಳಲ್ಲಿ ಕೇಳದವರಿಲ್ಲ. ಆದರೆ ಆ ಕಥೆ ಶುರುವಾದದ್ದು ಈಚಲು ಗಿಡಗಳಿಂದ, ಮರಾಠಿಯವರು ಶಿಂದಿ ಎನ್ನುವ ಗಿಡಗಳಿಂದ, ಎಂಬುದು ಈಗಿನ ಹುಡುಗರಿಗೆ ಗೊತ್ತಿಲ್ಲ. 1930ರ ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಮೇ 8ರಂದು ಸೊಲ್ಲಾಪುರದ ಜನ ರೂಪಾಭವಾನಿ ಗುಡಿಯ ಕಡೆ ಶಿಂದಿ ಗಿಡ ಕಡಿಯತೊಡಗಿದರು. ಪೊಲೀಸರು ಬಂದರು, ಗೋಳಿಬಾರ್ ಆಯಿತು, ಶಂಕರ ಶಿವದಾರೆ ಎಂಬ ತರುಣ ಬಲಿಯಾದ. ಮುಂದೆ ಮಾರ್ಶಲ್ ಲಾ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು.

ಪರದೇಶಿ ಸರಕಾರದ ಅಬಕಾರಿ ಉತ್ಪನ್ನ ನಿಲ್ಲಬೇಕು, ಕೂಲಿಯವನ ಸಂಸಾರ ಉಳಿಯಬೇಕು ಎಂಬುದು ಅಂದಿನ ಚಳವಳಿಯ ಮಾತು. ಕುಡಿತ ಸಂಸಾರವನ್ನಷ್ಟೇ ಅಲ್ಲ, ನೆನಪನ್ನೂ ತಿನ್ನುತ್ತದೆ ಎಂಬುದನ್ನು ಅದಕ್ಕೂ 43 ವರ್ಷ ಮೊದಲೇ, 1887ರಲ್ಲಿ, ಮಾಸ್ಕೋದ ವೈದ್ಯ ಸರ್ಗೇಯ್ ಕೊರ್ಸಾಕೋವ್ ಬರೆದಿಟ್ಟಿದ್ದರು. ಅವರು ಕಂಡ ಕುಡುಕರು ಹಳೆಯದನ್ನು ಹೇಳುತ್ತಿದ್ದರು, ಈಗಷ್ಟೇ ಆಡಿದ ಮಾತನ್ನು ಮರೆಯುತ್ತಿದ್ದರು. ನಡುವಿನ ಖಾಲಿ ಜಾಗಕ್ಕೆ ನಡೆಯದ ಸಂಗತಿಯನ್ನೇ ತುಂಬಿ ಹೇಳುತ್ತಿದ್ದರು. ನಮ್ಮ ಕಡೆ ಇಂಥವನಿಗೆ ಸುಳ್ಳುಬುರುಕ ಎಂದು ಹೆಸರಿಡುತ್ತೇವೆ. ಪಾಪ, ತಾನು ಹೇಳುವುದು ಖರೆ ಎಂದೇ ಅವನು ನಂಬಿರುತ್ತಾನೆ.

ಕಾರಣ ಆಮೇಲೆ ತಿಳಿಯಿತು. ಅನ್ನ ಬಿಟ್ಟು ಬರೀ ಕುಡಿಯುವವನ ಮೈಯಲ್ಲಿ ಬಿ-1 ಜೀವಸತ್ವ, ಅಂದರೆ ಥಯಾಮಿನ್, ಸಾಲದಾಗುತ್ತದೆ. ತಿಂದ ಅಷ್ಟಿಷ್ಟರಲ್ಲಿಯೂ ಅದು ಮೈಗೆ ಹತ್ತದಂತೆ ಸೆರೆ ತಡೆಯುತ್ತದೆ. ಮೈಯಲ್ಲಿ ಅದರ ಶಿಲ್ಕು ಇರುವುದೇ ಕೆಲವು ವಾರಗಳಿಗೆ ಸಾಕಾಗುವಷ್ಟು.

ಒಂದೇ ರಾತ್ರಿ ಮಿತಿಮೀರಿ ಕುಡಿದವನು ಮರುದಿನ ‘ನನಗೇನೂ ನೆನಪಿಲ್ಲ’ ಎನ್ನುವುದು ಬೇರೆ ಸಂಗತಿ. ಮಿದುಳಿನಲ್ಲಿ ಹೊಸ ನೆನಪನ್ನು ದಾಖಲಿಸುವ ಭಾಗವೇ ಆಗ ಕೆಲಸ ನಿಲ್ಲಿಸಿರುತ್ತದೆ. ಬ್ಯಾಂಕಿನ ಕಾರಕೂನನಾಗಿದ್ದವನ ಭಾಷೆಯಲ್ಲಿ ಹೇಳುವುದಾದರೆ, ಬರೆದದ್ದು ಅಳಿಸಿ ಹೋದದ್ದಲ್ಲ, ಕೀರ್ದಿಗೆ ಏರಲೇ ಇಲ್ಲ. ಇಲ್ಲದ ನಮೂದನ್ನು ಎಷ್ಟು ತಿರುವಿ ಹಾಕಿದರೂ ಸಿಗುವುದಿಲ್ಲ.

ಇನ್ನೊಂದು ಮಾತು ಮನೆಯ ಹೆಣ್ಣುಮಕ್ಕಳಿಗೆ. ದಿನಾ ಕುಡಿಯುವವರು ಕುಡಿಯದಿದ್ದಾಗಲೂ ತೂರಾಡಿದರೆ, ಕಣ್ಣುಗುಡ್ಡೆ ಅದುರಿದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ ನಶೆ ಎಂದು ಮಲಗಿಸಬೇಡಿರಿ. ಅದೇ ದಿನ ದವಾಖಾನೆಗೆ ಒಯ್ಯಿರಿ, ಕುಡಿತದ ಸಂಗತಿಯನ್ನು ನಾಚದೆ ಹೇಳಿರಿ. ಥಯಾಮಿನ್ ಇಂಜೆಕ್ಷನ್ ಬೇಗ ಸಿಕ್ಕವರು ಬಹಳಷ್ಟು ಸುಧಾರಿಸುತ್ತಾರೆ, ತಡವಾದರೆ ಹೋದ ನೆನಪು ಪೂರ್ತಿ ಮರಳುವುದು ಅಪರೂಪ. ಬಹುಕಾಲದ ಕುಡಿತವನ್ನು ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಫಿಟ್ಸ್ ಬರಬಹುದು. ಬಿಡಿಸುವುದನ್ನೂ ಡಾಕ್ಟರರನ್ನು ಕೇಳಿಯೇ ಮಾಡಿರಿ.