ಹಾರ-ತುರಾಯಿ ಇಲ್ಲದ ನಿರ್ಗಮನ

ಸರ್ಕಾರಿ ಕಚೇರಿಯಲ್ಲಿ ನಿವೃತ್ತರಾಗುವವರನ್ನು ಕಳಿಸಿಕೊಡಲು ಒಂದು ಕ್ರಮವಿದೆ. ತಿಂಗಳ ಕೊನೆಯ ದಿನ ಸಂಜೆ ಕುರ್ಚಿಗಳನ್ನು ಸಾಲಾಗಿ ಹಾಕುತ್ತಾರೆ. ಹಾರ, ಶಾಲು, ಹಣ್ಣಿನ ಬುಟ್ಟಿ ಬರುತ್ತವೆ. ಮೂವತ್ತು ವರ್ಷ ಹಿಂದಿನಿಂದ ಆಡಿಕೊಂಡವರೂ ಎದ್ದು ನಿಂತು ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆ. ಖಾರಾಬಾತು, ಕೇಸರಿಬಾತು, ಕೊನೆಗೊಂದು ಗ್ರೂಪ್ ಫೋಟೊ. ವರ್ಗವಾಗಿ ಹೋಗುವವರಿಗೂ ಹೆಚ್ಚುಕಡಿಮೆ ಇದೇ ಮರ್ಯಾದೆ. ಆದರೆ ಅವಧಿಗೆ ಮೊದಲೇ ಹೊರಗೆ ಕಳಿಸಲ್ಪಟ್ಟವರು ಮೇಜಿನ ಖಾನೆ ಖಾಲಿ ಮಾಡುತ್ತಿರುವಾಗ ಅಕ್ಕಪಕ್ಕದವರು ಏನು ಮಾಡಬೇಕು? ಹತ್ತಿರ ಹೋಗಿ ಕೈ ಕುಲುಕಬೇಕೇ? ಅಥವಾ ಕಡತದಲ್ಲಿ ತಲೆ ಹುದುಗಿಸಿ ಏನೂ ನಡೆದಿಲ್ಲವೆಂಬಂತೆ ಕೂರಬೇಕೇ?

ನಿಯಮ ಪುಸ್ತಕದಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 14ನೆಯದು ಸನ್ಮಾನ, ಬೀಳ್ಕೊಡುಗೆಗಳಿಗೆ ಸಂಬಂಧಿಸಿದ್ದು. ಅನುಮತಿಯಿಲ್ಲದೆ ನೌಕರರು ತಮ್ಮ ಗೌರವಾರ್ಥ ನಡೆಯುವ ಸಭೆಗೆ ಹೋಗಕೂಡದು, ಮಾನಪತ್ರ ಪಡೆಯಕೂಡದು ಎನ್ನುತ್ತದೆ ಅದು. ನಿವೃತ್ತಿ, ವರ್ಗಾವಣೆಯ ಸಂದರ್ಭದ ಖಾಸಗಿ, ಅನೌಪಚಾರಿಕ ಬೀಳ್ಕೊಡುಗೆಗೆ ಮಾತ್ರ ವಿನಾಯಿತಿ ಇದೆ. ಇತ್ತೀಚೆಗೆ ಸೇವೆ ಬಿಟ್ಟವರಿಗೂ ಆ ವಿನಾಯಿತಿ ಅನ್ವಯಿಸುತ್ತದೆ. ಬೀಳ್ಕೊಡುಗೆಯ ಚಂದಾಕ್ಕಾಗಿ ಯಾರನ್ನೂ ಒತ್ತಾಯಿಸಬಾರದೆಂಬ ಮಾತೂ ಅಲ್ಲಿದೆ. ಸಾಹೇಬರ ಹಾರಕ್ಕೆ ಜವಾನನ ಜೇಬಿಗೆ ಕೈ ಹಾಕುವ ಅಭ್ಯಾಸ ನಿಯಮ ಬರೆದವರ ಕಣ್ಣಿಗೂ ಬಿದ್ದಿರಬೇಕು! ಅಂತೂ ಹೊರಹೋಗುವವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಲು ನಿಯಮ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮೇಲಿನವರ ಭಯ.

ಈ ಭಯವನ್ನು ಒಂದು ಇಡೀ ಸೇವಾವರ್ಗ ಬಹಿರಂಗವಾಗಿ ಬದಿಗಿಟ್ಟ ಪ್ರಸಂಗ 1987ರಲ್ಲಿ ದೆಹಲಿಯಲ್ಲಿ ನಡೆಯಿತು. ಅದರ ಎಳೆಯೊಂದು ಬೆಂಗಳೂರಿನಿಂದಲೇ ಆರಂಭವಾಗುತ್ತದೆ.

1986ರ ನವೆಂಬರ್‌ನಲ್ಲಿ ಸಾರ್ಕ್ ರಾಷ್ಟ್ರಗಳ ಎರಡನೆಯ ಶೃಂಗಸಭೆ ಬೆಂಗಳೂರಿನಲ್ಲಿ ಜರುಗಿತು. ಪ್ರಧಾನಿ ರಾಜೀವ್ ಗಾಂಧಿ ಸಾರ್ಕ್‌ನ ಅಧ್ಯಕ್ಷರಾದರು. ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು ಎ.ಪಿ. ವೆಂಕಟೇಶ್ವರನ್. 1952ರ ತಂಡದ ಅಧಿಕಾರಿ, ಚೀನಾದಲ್ಲಿ ರಾಯಭಾರಿಯಾಗಿದ್ದವರು, ಹಾಸ್ಯಕ್ಕೂ ನೇರ ನುಡಿಗೂ ಹೆಸರಾದವರು. ಸಾರ್ಕ್‌ನ ಅಧ್ಯಕ್ಷರಾಗಿ ಪ್ರಧಾನಿ ಪಾಕಿಸ್ತಾನವೂ ಸೇರಿದಂತೆ ಸದಸ್ಯ ದೇಶಗಳಿಗೆ ಭೇಟಿ ನೀಡಬಹುದೆಂಬ ಅರ್ಥದ ಮಾತನ್ನು ಅವರು ಆಡಿದ್ದರು. ಆದರೆ ಅಷ್ಟರಲ್ಲಿ ರಾಜಸ್ತಾನದ ಗಡಿಯಲ್ಲಿ ಭಾರತದ ‘ಬ್ರಾಸ್‌ಟ್ಯಾಕ್ಸ್’ ಸೇನಾ ಕವಾಯತು ನಡೆಯುತ್ತಿತ್ತು. ಎರಡೂ ದೇಶಗಳ ನಡುವಿನ ಗಾಳಿ ಬಿಸಿಯಾಗಿತ್ತು.

1987ರ ಜನವರಿ 20ರಂದು ಪ್ರಧಾನಿಯವರ ಪತ್ರಿಕಾಗೋಷ್ಠಿ. ಪಾಕಿಸ್ತಾನದ ಪತ್ರಕರ್ತರೊಬ್ಬರು ಈ ಭೇಟಿಯ ಪ್ರಶ್ನೆ ಎತ್ತಿದರು. ಅಂಥ ಯೋಚನೆ ಇಲ್ಲ ಎಂಬ ಧಾಟಿಯಲ್ಲಿ ಉತ್ತರ ಬಂತು. ನಿಮ್ಮ ವಿದೇಶಾಂಗ ಕಾರ್ಯದರ್ಶಿಗಳು ಬೇರೆಯೇ ಹೇಳಿದ್ದಾರಲ್ಲ ಎಂದು ಅವರು ಬಿಡಲಿಲ್ಲ. ಸದ್ಯದಲ್ಲೇ ನೀವು ಹೊಸ ವಿದೇಶಾಂಗ ಕಾರ್ಯದರ್ಶಿಯೊಂದಿಗೆ ಮಾತಾಡುವಿರಿ ಎಂದುಬಿಟ್ಟರು ಪ್ರಧಾನಿ. ವೆಂಕಟೇಶ್ವರನ್ ಅದೇ ಸಭಾಂಗಣದಲ್ಲಿ ಕುಳಿತಿದ್ದರು. ಹುದ್ದೆಗೆ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ದೇಶವಿದೇಶಗಳ ಪತ್ರಕರ್ತರ ಜೊತೆಗೇ ತಮ್ಮ ಕೆಲಸ ಹೋದ ಸುದ್ದಿಯನ್ನು ಅವರು ಕೇಳಬೇಕಾಯಿತು. ಅದೇ ದಿನ ರಾಜೀನಾಮೆ ಕೊಟ್ಟರು.

ಕಾರ್ಯದರ್ಶಿಯನ್ನು ಬದಲಾಯಿಸುವ ಅಧಿಕಾರ ಪ್ರಧಾನಿಗೆ ಖಂಡಿತ ಇತ್ತು. ಆ ಬಗ್ಗೆ ಯಾರೂ ತಕರಾರು ಎತ್ತುವಂತಿರಲಿಲ್ಲ. ತಕರಾರು ಇದ್ದದ್ದು ರೀತಿಯ ಬಗ್ಗೆ. ಕೋಣೆಗೆ ಕರೆದು ಎರಡು ನಿಮಿಷ ಮಾತಾಡಿದ್ದರೆ ಮುಗಿಯುತ್ತಿತ್ತು. ವಿದೇಶಾಂಗ ಸೇವೆಯ ಅಧಿಕಾರಿಗಳ ಸಂಘ ಎತ್ತಿಕೊಂಡದ್ದು ಇದನ್ನೇ. ವೆಂಕಟೇಶ್ವರನ್ ಅವರನ್ನು ನಡೆಸಿಕೊಂಡ ಬಗೆಗೆ ನೋವು ವ್ಯಕ್ತಪಡಿಸಿ ಅದು ನಿರ್ಣಯ ಅಂಗೀಕರಿಸಿತು. ನಿರ್ಣಯಕ್ಕೆ ಒಪ್ಪಿಗೆ ಕೊಟ್ಟವರ ಮುಂದಿನ ಬಡ್ತಿ, ಮುಂದಿನ ರಾಯಭಾರಿ ಹುದ್ದೆ ಎಲ್ಲವೂ ಅದೇ ಸರ್ಕಾರದ ಕೈಯಲ್ಲಿದ್ದವು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲವೆಂದು ತಿಳಿಯುತ್ತದೆ. ಹುದ್ದೆ ಮರಳಿ ಬರಲಿಲ್ಲ. ಬರುವುದೆಂದು ಸಂಘದವರೂ ನಂಬಿರಲಾರರು. ಹೊರಹೋಗುವವರನ್ನು ಒಬ್ಬರೇ ಹೋಗಲು ಬಿಡಲಿಲ್ಲ, ಅಷ್ಟೆ.

ಹೊಸ ಕಾರ್ಯದರ್ಶಿಯಾಗಿ ಬಂದವರು ಕೆ.ಪಿ.ಎಸ್. ಮೆನನ್. ಸ್ವತಂತ್ರ ಭಾರತದ ಮೊದಲ ವಿದೇಶಾಂಗ ಕಾರ್ಯದರ್ಶಿಯ ಮಗ, ಅದೇ ಹೆಸರಿನವರು. ತೆರವಾದ ಕುರ್ಚಿಯಲ್ಲಿ ಕೂರುವವರ ಪಾಡು ಕೂಡ ಸುಖದ್ದಲ್ಲ. ಚಾರ್ಜ್ ವಹಿಸಿಕೊಳ್ಳುವ ಕಾಗದದಲ್ಲಿ ಬಿಡುವವರದೊಂದು, ಹಿಡಿಯುವವರದೊಂದು ಸಹಿ ಬೀಳಬೇಕು. ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನೂ ನಮೂದಿಸಬೇಕು. ಯಾವ ಮುಖಭಾವದಲ್ಲಿ ಸಹಿ ಮಾಡಬೇಕೆಂದು ಮಾತ್ರ ಯಾವ ಕೈಪಿಡಿಯೂ ಹೇಳುವುದಿಲ್ಲ.

ಸಮವಸ್ತ್ರದ ಸೇವೆಗಳಲ್ಲಿ ಸಂಗತಿ ಇನ್ನೂ ಕಠಿಣ. ಅಲ್ಲಿ ಬೀಳ್ಕೊಡುಗೆಯೇ ಒಂದು ಉತ್ಸವ. ನಿರ್ಗಮಿಸುವ ಅಧಿಕಾರಿಯನ್ನು ಹೂವಿನಿಂದ ಅಲಂಕರಿಸಿದ ಜೀಪಿನಲ್ಲಿ ನಿಲ್ಲಿಸಿ, ಜೊತೆಯವರು ಹಗ್ಗ ಹಿಡಿದು ತೇರಿನಂತೆ ಎಳೆಯುವ ರೂಢಿಯಿದೆ. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರಿಗೆ ಆ ಭಾಗ್ಯವಿರಲಿಲ್ಲ. ಉಪಮುಖ್ಯಸ್ಥರ ನೇಮಕದ ವಿಚಾರದಲ್ಲಿ ಸರ್ಕಾರದೊಂದಿಗೆ ಜಟಾಪಟಿ ನಡೆದು 1998ರ ಡಿಸೆಂಬರ್ 30ರಂದು ಅವರು ವಜಾ ಆದರು. ಸ್ವತಂತ್ರ ಭಾರತದಲ್ಲಿ ಸೇನಾಪಡೆಯೊಂದರ ಮುಖ್ಯಸ್ಥರು ವಜಾ ಆದದ್ದು ಅದೇ ಮೊದಲು. ಕೊಚ್ಚಿಯಿಂದ ಸದ್ದಿಲ್ಲದೆ ದೆಹಲಿಗೆ ಕರೆಸಿಕೊಂಡಿದ್ದ ವೈಸ್ ಅಡ್ಮಿರಲ್ ಸುಶೀಲ್ ಕುಮಾರ್ ಆ ದಿನವೇ ಅಧಿಕಾರ ವಹಿಸಿಕೊಂಡರು. ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಕಾನೂನು ಸೈನಿಕರಿಗೆ ಮೊಟಕುಗೊಳಿಸಿದೆ. ಹಾಗಾಗಿ ಯಾವ ಅಧಿಕಾರಿಗೂ ನಿರ್ಣಯ ಮಾಡುವ ದಾರಿಯಿರಲಿಲ್ಲ. ಮಾತಾಡಬೇಕಾದವರೆಲ್ಲ ಪತ್ರಿಕೆ ಮತ್ತು ಸಂಸತ್ತಿನಲ್ಲಿದ್ದವರು.

ವಿದೇಶಾಂಗ ಕಾರ್ಯದರ್ಶಿಯ ಕುರ್ಚಿ ಮತ್ತೊಮ್ಮೆ ಹೀಗೆಯೇ ತೆರವಾದದ್ದು 2015ರ ಜನವರಿ 28ರಂದು. ಅಮೆರಿಕದ ಅಧ್ಯಕ್ಷ ಒಬಾಮ ಗಣರಾಜ್ಯೋತ್ಸವಕ್ಕೆ ಬಂದು ಹಿಂದಿರುಗಿದ ಮರುದಿನ ಅದು. ಎರಡು ವರ್ಷದ ಅವಧಿ ಮುಗಿಯಲು ಇನ್ನೂ ಆರು ತಿಂಗಳಿರುವಾಗಲೇ ಸುಜಾತಾ ಸಿಂಗ್ ಅವರ ಅವಧಿಯನ್ನು ಮೊಟಕುಗೊಳಿಸಿ, ಮೂರು ದಿನದಲ್ಲಿ ನಿವೃತ್ತರಾಗಬೇಕಿದ್ದ ಎಸ್. ಜೈಶಂಕರ್ ಅವರನ್ನು ನೇಮಿಸಲಾಯಿತು. ಈ ಸಲ ಬೀಳ್ಕೊಡುಗೆಯ ಮಾತನ್ನು ಹೊರಹೋಗುವವರೇ ಆಡಿದರು. ಯಾವ ವ್ಯಕ್ತಿಯೂ ಸಂಸ್ಥೆಗಿಂತ ದೊಡ್ಡವರಲ್ಲ ಎಂಬರ್ಥದ ಪತ್ರವನ್ನು ಸಹೋದ್ಯೋಗಿಗಳಿಗೆ ಬರೆದು ಸುಜಾತಾ ಸಿಂಗ್ ಕಚೇರಿ ಬಿಟ್ಟರು. ಆ ಮಾತು ಯಾರನ್ನು ಉದ್ದೇಶಿಸಿದ್ದೆಂಬುದನ್ನು ಓದಿದವರು ತಮತಮಗೆ ಬೇಕಾದಂತೆ ಅರ್ಥ ಮಾಡಿಕೊಂಡಿರಬೇಕು.

ವೆಂಕಟೇಶ್ವರನ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ವಿದೇಶಾಂಗ ನೀತಿಯ ಬಗ್ಗೆ ಮಾತಾಡುತ್ತ, ಬರೆಯುತ್ತ ಇದ್ದರು. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲಿಯೇ ನಿಧನರಾದರು. ಮರುದಿನದ ಪತ್ರಿಕೆಗಳಲ್ಲಿ ಅವರ ಚೀನಾದ ದಿನಗಳ ಜೊತೆಗೆ ಆ ಜನವರಿಯ ಪತ್ರಿಕಾಗೋಷ್ಠಿಯೂ ಮತ್ತೆ ಕಾಣಿಸಿಕೊಂಡಿತು.