ಬೇಳೆ ಬೇಯದ ನೀರು

ನಮ್ಮ ಮನೆಯಲ್ಲಿ ನೀರಿಗೆ ಎರಡು ಹೆಸರಿದ್ದವು. ಒಂದು ಬಳಸೋ ನೀರು, ಇನ್ನೊಂದು ಬ್ಯಾಳಿ ನೀರು. ಆಳಂದ ತಾಲ್ಲೂಕಿನ ನಮ್ಮೂರಿನ ಓಣಿಗೆ ಬೋರಿನ ನಳ ಬಂದ ಮೇಲೂ ಅವ್ವ ದಿನಾ ಬೆಳಿಗ್ಗೆ ಕೊಡ ಹೊತ್ತು ಊರ ಹೊರಗಿನ ಹೊಲದ ಬಾವಿಗೆ ಹೋಗುತ್ತಿದ್ದಳು. ಮನೆಮುಂದೆ ನೀರಿರುವಾಗ ಅಷ್ಟು ದೂರ ಯಾಕೆ ಎಂದರೆ ಒಂದೇ ಮಾತು: "ಈ ನಳದ ನೀರಾಗ ಬ್ಯಾಳಿ ಕುದೀತದ ತಮ್ಮಾ, ಬೇಯಲ್ಲ."

ಮುಂದೆ ನಾನು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದೆ. ಗಡಸು ನೀರಿನ ಪಾಠವನ್ನು ಪ್ರತಿ ವರ್ಷ ಮಾಡಿದೆ. ಕುದಿಯುವುದು ಬೇರೆ, ಬೇಯುವುದು ಬೇರೆ ಎಂಬ ಅವ್ವನ ಮಾತಿಗಿಂತ ಚೆನ್ನಾಗಿ ಆ ಪಾಠವನ್ನು ಹೇಳಲು ಮಾತ್ರ ನನಗೆ ಇವತ್ತಿಗೂ ಆಗಿಲ್ಲ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ನನ್ನು ಹಿಡಿದು ಬಿಗಿಮಾಡುತ್ತದೆ. ಗೋಡೆ ಸಡಿಲವಾಗದೆ ಬೇಳೆ ಒಡೆಯುವುದಿಲ್ಲ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುವುದೂ ಆ ಹಿಡಿತ ಸಡಿಲವಾಗುವುದರಿಂದಲೇ.

ವಿಚಿತ್ರವೆಂದರೆ ಇದು ತೊಗರಿಯ ಕಣಜ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದರ ರುಚಿಗೆ ಇಲ್ಲಿನ ನೆಲದ ಸುಣ್ಣದಂಶವೇ ಕಾರಣ ಎನ್ನುತ್ತಾರೆ. ಅಂದರೆ ಬೇಳೆಗೆ ರುಚಿ ಕೊಡುವ ಸುಣ್ಣವೇ ನೀರಿಗಿಳಿದು ಆ ಬೇಳೆಯನ್ನು ಬೇಯಗೊಡುವುದಿಲ್ಲ.

ಆಳಂದ, ಅಫಜಲಪುರದ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದ ಕಪ್ಪು ಕಲ್ಲು. ಅದು ಸವೆದು ಎರೆ ಭೂಮಿಯಾಯಿತು. ಎರೆಯನ್ನು ಅಗೆದರೆ ಬಿಳಿ ಸುಣ್ಣದ ಹರಳು ಕೈಗೆ ಸಿಗುತ್ತವೆ. ಭೀಮಾ ದಾಟಿ ಜೇವರ್ಗಿ ಕಡೆ ಹೋದರೆ ಅಲ್ಲಲ್ಲಿ ಸುಣ್ಣಕಲ್ಲೇ ಇದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಫರಸಿಯ ಬಳಗದ್ದು. ಮಳೆನೀರು ಗಾಳಿಯ, ಮಣ್ಣಿನ ಇಂಗಾಲಾಮ್ಲವನ್ನು ಹೊತ್ತು ಈ ಪದರುಗಳಲ್ಲಿ ಇಳಿಯುತ್ತಾ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಎಷ್ಟು ಆಳ, ಎಷ್ಟು ಕಾಲ ಅಲ್ಲಿ ನಿಂತಿತೋ ಸಾಮಾನ್ಯವಾಗಿ ಅಷ್ಟು ಗಡಸು.

ಹಾಗಾದರೆ ನಮ್ಮ ಹಿರಿಯರು ಏನು ಕುಡಿದರು? ಹಳ್ಳ, ಹೊಳೆ, ಮೆಟ್ಟಿಲು ಬಾವಿಯ ಮೇಲುನೀರು. ಗಾಣಗಾಪುರದಲ್ಲಿ ಅಮರ್ಜಾ ಬಂದು ಸೇರುವ ಭೀಮೆಯ ದಂಡೆಯವರಿಗೆ ಹೊಳೆನೀರೇ ಬ್ಯಾಳಿ ನೀರು. ಅದು ಮೆದುವಾಗಿತ್ತು, ಆದರೆ ನಿರಪಾಯವಾಗಿರಲಿಲ್ಲ. ಮೆಟ್ಟಿಲಿಳಿದು ನೀರಲ್ಲಿ ಕಾಲಿಟ್ಟು ಕೊಡ ತುಂಬುವ ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಕಾಲಿನ ಹುಣ್ಣಿನಿಂದ ಹೊರಬರುವ ಹುಳು ನೀರಿಗೆ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ಮತ್ತೆ ಅದೇ ರೋಗ. 1980ರ ದಶಕದ ಆರಂಭದಲ್ಲಿ ದೇಶದಲ್ಲಿ ನಾರುಹುಣ್ಣಿನ ನಿರ್ಮೂಲನೆಗೆ ಕಾರ್ಯಕ್ರಮ ಶುರುವಾದಾಗ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಮೆಟ್ಟಿಲು ಮುಚ್ಚುವುದು, ಬಟ್ಟೆಯಲ್ಲಿ ನೀರು ಸೋಸುವುದು, ಬೋರು ಕೊರೆಸುವುದು ಇವೇ ಮದ್ದು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು.

ಆ ಬೋರುಗಳ ಮೇಲೆ ಕೂತ ಕೈಪಂಪಿನ ಕಥೆಯೂ ನಮ್ಮ ನೆರೆಯದೇ. ಮೊದಲು ಬಂದ ಎರಕದ ಕಬ್ಬಿಣದ ಪಂಪುಗಳು ಇಡೀ ಊರಿನ ಬಳಕೆ ತಾಳದೆ ಮುರಿಯುತ್ತಿದ್ದವು. ಆಳಂದಕ್ಕೂ ಅಫಜಲಪುರಕ್ಕೂ ಹತ್ತಿರದ ಸೊಲ್ಲಾಪುರದಲ್ಲಿ, ಶಾಲೆಯಲ್ಲಿ ಕಲಿಯದೆ ಕೈಯಿಂದಲೇ ಕಲಿತ ಮೆಕ್ಯಾನಿಕ್ ಒಬ್ಬ ಉಕ್ಕಿನ ಗಟ್ಟಿ ಪಂಪೊಂದನ್ನು ರೂಪಿಸಿದ. ಆ 'ಸೊಲ್ಲಾಪುರ ಪಂಪ್' ಅನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ 'ಇಂಡಿಯಾ ಮಾರ್ಕ್ 2' ತಯಾರಾಯಿತು. ಅದು ಆಮೇಲೆ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು.

ಆ ಪಂಪನ್ನು ನಾನು ಹಗುರವಾಗಿ ಆಡಿಕೊಳ್ಳಲಾರೆ. ಅದು ನಾರುಹುಣ್ಣಿನಿಂದ ನಮ್ಮ ಕಾಲು ಉಳಿಸಿತು. ಅದಕ್ಕೆ ತೆತ್ತ ಬೆಲೆ ಗಡಸು ನೀರು, ಅಷ್ಟೇ. 1980ರಲ್ಲಿ ಮೇಲೆ ಉಜನಿ ಅಣೆಕಟ್ಟು ಮುಗಿದ ಮೇಲೆ ಭೀಮೆಯ ಬೇಸಿಗೆ ಹರಿವು ಮೇಲಿನವರು ಬಿಟ್ಟಷ್ಟು ಎಂಬಂತಾಯಿತು. ಬೋರುಗಳು ಇನ್ನಷ್ಟು ಆಳಕ್ಕಿಳಿದವು.

ಇನ್ನು ಸಾಫ್ಟ್ನರ್. ಅಂಗಡಿಯಲ್ಲಿ ಅದನ್ನು ಹೊಸ ಯಂತ್ರವೆಂಬಂತೆ ಮಾರುತ್ತಾರೆ. ಅದರ ತತ್ವ ಹುಟ್ಟಿದ್ದು ಹೊಲದಲ್ಲಿ. ಇಂಗ್ಲೆಂಡಿನ ಯಾರ್ಕ್‌ಶೈರಿನ ಜಮೀನುದಾರ ಎಚ್.ಎಸ್. ಥಾಂಪ್ಸನ್, ಗೊಬ್ಬರದ ಸಾರ ಮಳೆಗೆ ಕೊಚ್ಚಿ ಹೋಗದೆ ಮಣ್ಣಲ್ಲಿ ಹೇಗೆ ಉಳಿಯುತ್ತದೆಂದು ಪರೀಕ್ಷೆ ಮಾಡಿದ. ರಸಾಯನಶಾಸ್ತ್ರಜ್ಞ ಜೆ. ಥಾಮಸ್ ವೇ ಅದನ್ನು ಮುಂದುವರಿಸಿದ. 1850ರಲ್ಲಿ ಇಬ್ಬರ ಬರಹಗಳೂ ಪ್ರಕಟವಾದವು. ಮಣ್ಣಿನ ಮೂಲಕ ಅಮೋನಿಯದ ಲವಣ ಸುರಿದರೆ ಅಮೋನಿಯ ಒಳಗೆ ಉಳಿಯಿತು, ಬದಲಿಗೆ ಸುಣ್ಣದ ಲವಣ ಹೊರಬಂತು. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರವೇ ಅಯಾನು ವಿನಿಮಯ. 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಇದೇ ಗುಣದ ಕೃತಕ ಖನಿಜ ತಯಾರಿಸಿ ನೀರು ಮೆದು ಮಾಡಿದ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಕೃತಕ ರೆಸಿನ್ ಮಾಡಿ ತೋರಿಸಿದರು. ಇಂದಿನ ಸಾಫ್ಟ್ನರ್ ಸಿಲಿಂಡರಿನಲ್ಲಿರುವ ಸಾಸಿವೆ ಕಾಳಿನಂಥ ಮಣಿಗಳು ಅದರ ಮೊಮ್ಮಕ್ಕಳು. ಅವು ಸೋಡಿಯಂ ಕೊಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದುಕೊಳ್ಳುತ್ತವೆ. ತುಂಬಿದ ಮೇಲೆ ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಸಿದ್ಧ. ನಮ್ಮ ಎರೆಮಣ್ಣಿನ ಜೇಡಿಯೂ ಇದೇ ವ್ಯಾಪಾರ ಮಾಡುತ್ತದೆ, ಅದೂ ಬಹಳ ಜೋರಾಗಿ. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ನಿವೃತ್ತಿಯ ಹಣದಲ್ಲಿ ಮನೆ ಕಟ್ಟಿದ ಮೇಲೆ ಎರಡು ವರ್ಷದಲ್ಲಿ ಎರಡು ಗೀಸರ್ ಕಾಯಿಲ್ ಸುಟ್ಟವು. ಬಿಚ್ಚಿದರೆ ಕಾಯಿಲ್ ಮೇಲೆ ಸುಣ್ಣದ ಪದರು. ಹಾಗಾಗಿ ನಾನೂ ಸಾಫ್ಟ್ನರ್ ತಂದೆ. ತರುವ ಮುನ್ನ ಒಂದು ಲೆಕ್ಕ ಮಾಡಿದೆ, ನಿಮಗೂ ಉಪಯೋಗಕ್ಕೆ ಬಂದೀತು. ಮೊದಲು ನೀರಿನ ಪರೀಕ್ಷೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ನೀರು 600 ಇದ್ದು, ಐದು ಜನ ದಿನಕ್ಕೆ 500 ಲೀಟರ್ ಬಳಸಿದರೆ, ದಿನಕ್ಕೆ 300 ಗ್ರಾಂ ಸುಣ್ಣ ತೆಗೆಯಬೇಕು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ ನಾಲ್ಕು ದಿನಕ್ಕೊಮ್ಮೆ ಉಪ್ಪಿನ ತೊಳೆತ, ಪ್ರತಿ ಸಲ ಸುಮಾರು ಮೂರು ಕಿಲೋ ಉಪ್ಪು. ಬೋರಿನ ರಾಡಿ, ಕಬ್ಬಿಣದ ಕೆಂಪು ರೆಸಿನ್ನನ್ನು ಕೆಡಿಸುತ್ತವೆ, ಆದ್ದರಿಂದ ಮುಂದೆ ಒಂದು ಫಿಲ್ಟರ್ ಬೇಕು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಗಟ್ಟಿಯಾಗಿ ಕಮಾನು ಕಟ್ಟಿದರೆ ಕೆಳಗೆ ನೀರಿಗೆ ಉಪ್ಪು ಸಿಗುವುದಿಲ್ಲ, ಆಗಾಗ ಕೋಲಿನಿಂದ ತಿವಿದು ನೋಡಬೇಕು. ಯಂತ್ರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದಕ್ಕೆ ಸೋಪಿನ ನೊರೆಯೇ ಸಾಕ್ಷಿ. ಕುಡಿಯುವುದಕ್ಕೆ ಈ ನೀರು ಬೇಡ: 600 ಗಡಸುತನ ತೆಗೆದರೆ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇದ್ದವರು ಎಚ್ಚರ.

ಲೆಕ್ಕ ಸರಿಯಿತ್ತು. ಗೀಸರ್ ಉಳಿಯಿತು, ಬಟ್ಟೆ ಮೆತ್ತಗಾಯಿತು. ಒಂದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ತಿಂಗಳಿಗೆ 20 ಕಿಲೋಗಿಂತ ಹೆಚ್ಚು ಉಪ್ಪು ಒಳಗೆ ಹೋಗುತ್ತಿತ್ತಲ್ಲ, ಅದು ಹೊರಗೆ ಎಲ್ಲಿಗೆ ಹೋಗುತ್ತದೆ? ತೊಳೆದ ಉಪ್ಪುನೀರು, ಸ್ನಾನದ ಮೆದು ನೀರು ಎರಡನ್ನೂ ಹಿತ್ತಲಿಗೆ ಬಿಟ್ಟಿದ್ದೆ. ಅವ್ವ ಹಚ್ಚಿದ ಕರಿಬೇವು ಎಲೆಯ ಅಂಚು ಸುಟ್ಟು, ವರ್ಷದೊಳಗೆ ಒಣಗಿತು. ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ನೀರು ಇಂಗದೆ ಮೇಲೆಯೇ ನಿಲ್ಲತೊಡಗಿತು. ಸಿಲಿಂಡರಿನ ವ್ಯಾಪಾರ ಹಿತ್ತಲಲ್ಲೂ ನಡೆದಿತ್ತು: ಎರೆಮಣ್ಣು ಸೋಡಿಯಂ ತೆಗೆದುಕೊಂಡು ತನ್ನ ಸುಣ್ಣವನ್ನು ಬಿಟ್ಟುಕೊಟ್ಟಿತ್ತು. ತೊಗರಿಗೆ ರುಚಿ ಕೊಡುತ್ತದೆಂಬ ಅದೇ ಸುಣ್ಣವನ್ನು. ವೇ ಬರೆದದ್ದನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನಿಗೆ ಅದು ಹಿತ್ತಲಲ್ಲಿ ಕಾಣಲಿಲ್ಲ.

ಈಗ ಆ ಉಪ್ಪುನೀರು ಚರಂಡಿಗೆ ಹೋಗುತ್ತದೆ. ಅದೂ ಸರಿಯಾದ ಉತ್ತರವಲ್ಲ. ನಮ್ಮೂರ ಚರಂಡಿ ಮುಟ್ಟುವುದು ಯಾರದೋ ಹೊಲವನ್ನೇ. ಹಾಗಾಗಿ ಸಾಫ್ಟ್ನರನ್ನು ಗೀಸರ್ ಮತ್ತು ಬಟ್ಟೆ ತೊಳೆಯುವ ಯಂತ್ರಕ್ಕೆ ಮಾತ್ರ ಜೋಡಿಸಿದ್ದೇನೆ, ಉಪ್ಪು ಅರ್ಧಕ್ಕಿಂತ ಕಡಿಮೆಯಾಗಿದೆ. ಹಿತ್ತಲಿಗೆ ಜಿಪ್ಸಂ ಹಾಕಿ ಮಳೆನೀರು ನಿಲ್ಲಿಸುತ್ತಿದ್ದೇನೆ. ಮಣ್ಣಿಗೆ ಅದರ ಸುಣ್ಣವನ್ನು ಹಿಂದಿರುಗಿಸುವ ದಾರಿ ಅದು, ನಿಧಾನದ್ದು. ಮಾಳಿಗೆಯ ಮಳೆನೀರನ್ನು ಒಂದು ತೊಟ್ಟಿಗೆ ಹಿಡಿದಿದ್ದೇನೆ. ಆ ನೀರಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ.

ಮೊನ್ನೆ ಆ ತೊಟ್ಟಿಯ ನೀರಲ್ಲಿ ಬೇಳೆ ಇಟ್ಟಿದ್ದೆವು. ಅವ್ವ ಸೌಟಿನಿಂದ ಒಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿ ನೋಡಿದಳು. "ಬೆಂದದ" ಎಂದಳು. ಆಮೇಲೆ ಹಿತ್ತಲ ಬಾಗಿಲ ಕಡೆ ನೋಡಿ ಕೇಳಿದಳು: "ಕರಿಬೇವು ಯಾವಾಗ ಹಚ್ತಿ?"